ಬತ್ತೇರಿಯ ಮೇಲಿನ ಶಾವಿಗೆ

ಕಡೂರಿನ ನನ್ನ ಬಾಡಿಗೆ ಮನೆಯ ಪಕ್ಕದಲ್ಲಿ ಇಂದು ಬೆಳಿಗ್ಗೆ ಯಾರೋ ತುಪ್ಪದಲ್ಲಿ ಶಾವಿಗೆ ಹುರಿಯುತ್ತಿದ್ದರು. ಆ ಪರಿಮಳಕ್ಕೆ, ಓದುಗರೇ, ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಕೋಟೆ.

ಅಜ್ಜಂಪುರದಿಂದ ತರೀಕೆರೆಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಕೋಟೆಯನ್ನು ಪಾಳೆಯಗಾರರು ಕಟ್ಟಿಸಿದರು. ಅವರ ಕಾಲ ಮುಗಿದ ಮೇಲೆ ಅದರ ಕಲ್ಲುಗಳು ಊರಿನ ಮನೆಗಳಿಗೆ ಬುನಾದಿಯಾದವು. ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ಕೆಡದೆ ಉಳಿದದ್ದು ಫಿರಂಗಿ ನಿಲ್ಲಿಸುತ್ತಿದ್ದ ಎತ್ತರದ ಬತ್ತೇರಿಯೊಂದೇ. ಅಲ್ಲಿ ಧೂಳಿಲ್ಲ, ಕೋಳಿಗಳ ಕಾಟವಿಲ್ಲ, ಗಾಳಿ ಧಾರಾಳ. ಆದ್ದರಿಂದ ಯುಗಾದಿಗೆ ಮುಂಚೆ ನಮ್ಮಮ್ಮ, ರಂಜಾನ್‌ಗೆ ಮುಂಚೆ ನೆರೆಮನೆಯ ಮೆಹಬೂಬಿ ಖಾಲಾ ಅಲ್ಲಿಯೇ ಶಾವಿಗೆ ಒಣಗಿಸುತ್ತಿದ್ದರು. ಅಮ್ಮನದು ಮನೆಯ ಮಟ್ಟಿಗೆ. ಗಂಡನನ್ನು ಕಳೆದುಕೊಂಡಿದ್ದ ಖಾಲಾ ಅದನ್ನು ಮಾರಿಯೇ ಸಂಸಾರ ನಡೆಸುತ್ತಿದ್ದರು.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವನು ನಾನು, ಅದೂ ಇತಿಹಾಸದಲ್ಲಿ. ಕೋಟೆ ನೋಡಲು ಪುರಾತತ್ವ ಇಲಾಖೆಯ ಅಧಿಕಾರಿ ಬಂದಾಗ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಮಾತೂ ತಪ್ಪಬಾರದೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡಿದ್ದೆ. "ಇದು ರಕ್ಷಣಾ ವಾಸ್ತುವಿನ ಅಪೂರ್ವ ನಿದರ್ಶನ" ಎಂದೆ. ಅವರು ತಲೆದೂಗಿದರು, ಇಷ್ಟು ಅಪೂರ್ವವಾದದ್ದಕ್ಕೆ ಗೇಟು, ಬೀಗ ಬೇಕೇ ಬೇಕು ಎಂದರು.

ಗೇಟು ಹಾಕಿಸಿದ ದಿನ ರಂಜಾನ್ ಹತ್ತಿರವಿತ್ತು. ಖಾಲಾ ಹಸಿ ಶಾವಿಗೆಯ ಮೊರ ಹಿಡಿದು ಕೆಳಗೆ ನಿಂತಿದ್ದರು.

"ಏನಪ್ಪಾ ಬಿ.ಎ. ಸಾಹೇಬ, ಫಿರಂಗಿ ವಾಪಸ್ ಬತ್ತದಾ?"

"ಇಲ್ಲ ಖಾಲಾ."

"ಮತ್ತೆ ಬೀಗ ಯಾರ್ಗೆ? ನಂಗಾ?"

"ಓದ್ಸಿದ್ದಕ್ಕೆ ನಮ್ಮ ಶಾವಿಗೆಗೇ ಬೀಗ ಹಾಕಿಸ್ಬಿಟ್ಟ ಕಣೇ" ಎಂದರು ಪಕ್ಕದಲ್ಲೇ ಇದ್ದ ಅಮ್ಮ, ಖಾಲಾರಿಗೆ.

ಅಷ್ಟರಲ್ಲಿ ಅಧಿಕಾರಿ, ಕಾವಲುಗಾರ ಇನ್ನೂ ನೇಮಕವಾಗಿಲ್ಲ, ಬೆಳಿಗ್ಗೆ ತೆಗೆದು ಸಂಜೆ ಮುಚ್ಚಲು ಬೀಗದ ಕೈಯನ್ನು ಯಾರ ಬಳಿ ಕೊಡೋಣ ಎಂದು ಕೇಳಿದರು. ಕೋಟೆಗೆ ಅಂಟಿಕೊಂಡ ಮನೆ ಖಾಲಾರದು.

"ಇವರ ಹತ್ರ ಕೊಡಿ ಸಾರ್. ಹೆಂಗೂ ಶಾವಿಗೆ ಒಣಗಿಸ್ತಾ ಬಿಸಿಲು ಇಳಿಯೋವರ್ಗೂ ಮೇಲೇ ಇರ್ತಾರೆ" ಎಂದೆ ನಾನು.

ಅಧಿಕಾರಿ ಮೊರವನ್ನು ನೋಡಿದರು, ಖಾಲಾರನ್ನು ನೋಡಿದರು. "ಒಣಗಿಸ್ಲಿ. ಕಲ್ಲಿಗೆ ಮೊಳೆ ಹೊಡೀಬೇಡಿ, ಅಷ್ಟೇ."

ಕಾವಲುಗಾರನ ನೇಮಕ ಇಂದಿಗೂ ಆಗಿಲ್ಲ.

ಪರಿಮಳ ಮೂಗಿಗೆ ಹತ್ತಿದ ಮೇಲೆ ಮನಸ್ಸು ತಡೆಯದೆ, ಇಬ್ಬರು ಸಹೋದ್ಯೋಗಿಗಳೊಂದಿಗೆ ಇಂದೇ ಊರಿಗೆ ಹೋದೆ. ಗೇಟಿನಲ್ಲಿಯೇ ಖಾಲಾ ತಡೆದರು.

"ಚಪ್ಪಲಿ ಕೆಳಗ್ ಬಿಡ್ರಪ್ಪಾ, ಮೇಲೆ ಶಾವಿಗೆ ಐತೆ."

ಪಾಳೆಯಗಾರರಿಂದ ಆರಂಭಿಸಿದ ನನ್ನ ವಿವರಣೆ ಹಿಂದೆ ಫಿರಂಗಿಯ ಬಳಿ ಮುಗಿಯುತ್ತಿತ್ತು. ಈ ಸಲ ಸಹೋದ್ಯೋಗಿಗಳಿಗೆ ಖಾಲಾರವರೆಗೂ ಹೇಳಿ ಮುಗಿಸಿ, ಬರಿಗಾಲಿನಲ್ಲಿ ಬತ್ತೇರಿ ಹತ್ತಿದೆ.