ಇನ್ನೂ ಇಪ್ಪತ್ತು ಲೆಕ್ಕ

ಕೂಸು ನಿದ್ದೆಗೊಡದೆ ತಿಂಗಳಾಯಿತು. ಇವತ್ತು ಮಧ್ಯಾಹ್ನ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಗಣಿತದಲ್ಲಿ ಚುರುಕಾದ ಮಕ್ಕಳಿಗೆ ಕಲಿಸುವ ಬಗ್ಗೆ ಮೊಬೈಲಿನಲ್ಲಿ ಓದುತ್ತಿದ್ದೆ. ಬೇಗ ಮುಗಿಸಿದ ಮಗುವಿಗೆ ಅಂಥವೇ ಲೆಕ್ಕ ಮತ್ತಷ್ಟು ಕೊಡಬೇಡಿ ಅಂತಿತ್ತು. ಎರಡು ಸಲ ಓದಿದೆ.

ನಾನು ಸಣ್ಣವಳಿದ್ದಾಗ ಕಬ್ಬೂರಿನ ಮನೆಯಲ್ಲಿ ಅಜ್ಜಿ ಜೋಳ ಹಸನು ಮಾಡುತ್ತ ಒಂದೂವರೆಯ ಮಗ್ಗಿ ಹೇಳುತ್ತಿದ್ದಳು, ಅದೂ ಮರಾಠಿಯಲ್ಲಿ. ಆಕೆಯ ತವರು ನಿಪ್ಪಾಣಿ ಕಡೆ. ಕೇಳಿ ಕೇಳಿ ಅಜ್ಜಿ ಹೇಳುವ ಮೊದಲೇ ಮುಂದಿನ ಸಾಲು ನನಗೆ ತಾನೇ ಹೊಳೆಯುತ್ತಿತ್ತು. ಒಮ್ಮೆ ಗುರುಗಳು ಹದಿನೆಂಟರ ಒಂದೂವರೆ ಪಟ್ಟು ಎಷ್ಟು ಅಂತ ಕೇಳಿದಾಗ ಪಾಟಿಯ ಮೇಲೆ ಬರೀ ಇಪ್ಪತ್ತೇಳು ಅಂತ ಬರೆದು ತೋರಿಸಿದೆ.

"ಯಾರ್ದ ನೋಡಿ ಬರದಿ?"

"ಯಾರ್ದೂ ಇಲ್ರಿ. ನಮ್ಮಜ್ಜಿ ಮರಾಠಿ ಮಗ್ಗಿ ಐತ್ರಿ."

"ಹಂಗಾರ ನಾಳಿಂದ ಅಜ್ಜಿನ್ನ ಸಾಲಿಗಿ ಕಳಸ. ನೀ ಇಂಥಾವ ಇನ್ನೂ ಇಪ್ಪತ್ತ ಬಿಡಸು, ಪೂರಾ ಬರದ!"

ಇಡೀ ವರ್ಗ ನಕ್ಕಿತು. ಆಮೇಲಾಮೇಲೆ ಉತ್ತರ ಬರೆದು, ಅದರ ಮೇಲೆ ಅಂಗೈ ಇಟ್ಟುಕೊಂಡು, ಪಕ್ಕದವಳು ಮುಗಿಸುವ ತನಕ ಸುಮ್ಮನೆ ಕೂಡುತ್ತಿದ್ದೆ. ಕಾಲೇಜಿನಲ್ಲೂ ಹಾಗೇ ಕುಳಿತೆ. ಈಗ ನೆನೆದರೆ ಸಿಟ್ಟೂ ಬರುವುದಿಲ್ಲ, ಅಳುವೂ ಬರುವುದಿಲ್ಲ.

ಅಷ್ಟರಲ್ಲಿ ಎರಡನೇ ತರಗತಿಯ ಮಗಳು ನೋಟ್‌ಬುಕ್ ಹಿಡಿದು ಬಂದಳು. "ಮಮ್ಮಿ, ಸೊನ್ನಿಕಿಂತಾ ಸಣ್ಣ ಅಂಕಿ ಇರತಾವೇನ?"

"ಟೀಚರ್ ಕೊಟ್ಟದ್ದ ಮೊದಲ ಮುಗಸು."

"ಮುಗದಾವ ಮಮ್ಮಿ, ಆಗಳೇ."

"ಹಂಗಾರ ಇನ್ನೊಮ್ಮೆ ಬರಿ, ಹೋಗ."

ಅವಳು ಅಲ್ಲೇ ಬರೆಯಲು ಕುಳಿತಳು. ನಾನು ಏನಂದೆ ಅನ್ನುವುದು ನನಗೇ ತಿಳಿಯುವಷ್ಟರಲ್ಲಿ ಅರ್ಧ ಪುಟ ತುಂಬಿತ್ತು.