ಅಮ್ಮ ಓಡಿಸಿದರೆ ಮಾತ್ರ ನಿಲ್ಲುವ ಕಾರು

ನಮ್ಮ ಹಳೇ ಕಾರು ಓಡುತ್ತಿದ್ದ ಹಾಗೇ ನಿಲ್ಲತೊಡಗಿದ್ದು ಅಮ್ಮ ಲೈಸೆನ್ಸ್ ತೆಗೆದುಕೊಂಡ ವರ್ಷದ ಮಳೆಗಾಲದಲ್ಲಿ. ಕಾರಣ ತಿಳಿಯಲು ಯಾರೂ ಬಾನೆಟ್ ಎತ್ತಬೇಕಾಗಲಿಲ್ಲ. ಅಮ್ಮನಿಗೆ ಐವತ್ತು ದಾಟಿತ್ತು, ಸ್ಟೇರಿಂಗ್ ಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಊರಿಗೆ ಅಷ್ಟು ಸಾಕಾಗಿತ್ತು.

ಅವಳು ಕಾರು ಕಲಿತದ್ದು ಶೃಂಗೇರಿಯಲ್ಲಿರುವ ದೊಡ್ಡಮ್ಮನಿಗಾಗಿ. ಸೊಂಟ ಮುರಿದು ಮಲಗಿದ್ದ ಅಕ್ಕನಿಗೆ ಪ್ರತಿ ಗುರುವಾರ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ ಬರಬೇಕೆಂಬುದು ಅವಳ ಹಟ. ಬಸ್ಸಿಗೆ ಹೋದರೆ ಸಂಜೆ ಹಾಲು ಕರೆಯುವ ಹೊತ್ತಿಗೆ ನಮ್ಮೂರು ಭಂಡಿಗಡಿ ಮುಟ್ಟಲು ಆಗುತ್ತಿರಲಿಲ್ಲ. ಅಪ್ಪನನ್ನು ಕರೆದರೆ 'ನಾಳೆ ನೋಡಾಣ' ಅನ್ನುತ್ತಿದ್ದ. ಆ ನಾಳೆ ತಿಂಗಳಿಗೊಂದು ಸಲ ಬರುತ್ತಿತ್ತು.

ಶೃಂಗೇರಿ ದಾರಿಯಲ್ಲಿ ಅರ್ಧ ಕಳೆದ ಮೇಲೆ ಕಾರು ಎರಡು ಸಲ ಜಗ್ಗಿ ಸುಮ್ಮನಾಗುತ್ತಿತ್ತು. ಸ್ವಲ್ಪ ಹೊತ್ತು ಕಾದು ಕೀಲಿ ತಿರುಗಿಸಿದರೆ ಏನೂ ಆಗದ ಹಾಗೆ ಹೊರಡುತ್ತಿತ್ತು. ಜೊತೆಗೆ ಹೋಗುತ್ತಿದ್ದ ನಾನು ದಿನಚರಿ ಬರೆಯುವವಳಾದ್ದರಿಂದ ಪ್ರತಿ ಸಲವೂ ತಾರೀಖು, ಜಾಗ, ಮಳೆಯೋ ಬಿಸಿಲೋ, ಓಡಿಸಿದವರು ಯಾರು ಎಂದು ಗುರುತು ಹಾಕಿಕೊಂಡೆ. ಮಳೆಯಲ್ಲೂ ನಿಂತಿತ್ತು, ಬಿಸಿಲಲ್ಲೂ ನಿಂತಿತ್ತು. ಏರಿನಲ್ಲೂ ನಿಂತಿತ್ತು, ಇಳಿಜಾರಿನಲ್ಲೂ ನಿಂತಿತ್ತು. ಬದಲಾಗದೆ ಉಳಿದದ್ದು ಕೊನೆಯ ಕಾಲಂ ಒಂದೇ. ಅದರಲ್ಲಿ ಮೇಲಿಂದ ಕೆಳಗಿನವರೆಗೆ 'ಅಮ್ಮ' ಎಂದಿತ್ತು. ನನ್ನ ಬರವಣಿಗೆಯನ್ನು ಅಪ್ಪ ಮೆಚ್ಚಿದ್ದು ಅದೇ ಮೊದಲು.

"ನೋಡು, ನಾನು ದಿನಾ ಇಲ್ಲೇ ಹರಿಹರಪುರಕ್ಕೆ ಹೋಗಿ ಬರ್ತೀನಿ. ಒಂದು ದಿನ ನಿಂತಿದ್ಯಾ? ಲೆಕ್ಕನೇ ಹೇಳ್ತದೆ ಮಾರಾಯ್ತಿ."

ಕೊಪ್ಪದ ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಪ್ರತಿ ಸಲ ಮೆಕ್ಯಾನಿಕ್ ಬಸ್‌ಸ್ಟ್ಯಾಂಡ್ ಸುತ್ತ ಒಂದು ರೌಂಡ್ ಹೊಡೆದು ಬರುತ್ತಿದ್ದ. ಕಾರು ಅವನಿಗೆ ಒಂದು ದಿನವೂ ಎದುರಾಡಲಿಲ್ಲ.

"ಗಾಡೀಲಿ ಎಂತ ಇಲ್ಲ ಅಣ್ಣ. ಅಮ್ಮೋರು ಕ್ಲಚ್ ಮೇಲೆ ಕಾಲಿಟ್ಕಂಡೇ ಓಡಿಸ್ತಾರೇನೋ."

ಆ ಸಂಜೆ ಅಪ್ಪ ತೀರ್ಪು ಕೊಟ್ಟ. "ಇನ್ಮೇಲೆ ಶೃಂಗೇರಿಗೆ ನೀನು ಓಡಿಸ್ಕಂಡು ಹೋಗದು ಬೇಡ. ನಾನೇ ಕರ್ಕಂಡು ಹೋಗ್ತೀನಿ."

ಎರಡು ಗುರುವಾರ ಹಾಗೇ ಕಳೆದವು. ದೊಡ್ಡಮ್ಮ ಫೋನ್ ಮಾಡಿ, "ತಲೆಯೆಲ್ಲ ಜಡೆಗಟ್ಟಿದೆ ಕಣೆ. ಬರಲ್ಲ ಅಂದ್ರೆ ಹೇಳು, ಬೋಳಿಸ್ಕಂಡು ಬಿಡ್ತೀನಿ" ಎಂದಳು. ಅಮ್ಮ ನಗಲಿಲ್ಲ.

ಮುಂದಿನ ಭಾನುವಾರ ಸೀತೂರಿನ ನೆಂಟರ ಮನೆ ಒಕ್ಕಲು. ನರಸಿಂಹರಾಜಪುರದ ದಾರಿ ಹಿಡಿದು ಅಪ್ಪ ಕಾರು ಓಡಿಸುತ್ತಾ, ಕ್ಲಚ್ಚಿನಿಂದ ಕಾಲನ್ನು ಎಷ್ಟು ಬೇಗ ತೆಗೆಯಬೇಕೆಂದು ಪ್ರತಿ ತಿರುವಿನಲ್ಲೂ ತೋರಿಸಿಕೊಡುತ್ತಿದ್ದ. ಕೊಪ್ಪ ದಾಟಿ ತುಸು ದೂರ ಹೋದದ್ದಷ್ಟೇ. ಕಾರು ಎರಡು ಸಲ ಜಗ್ಗಿ ನಿಂತುಬಿಟ್ಟಿತು.

ನಾನು ಪೆನ್ನು ತೆಗೆದೆ.

"ಬರ್ಕೊಳೋದು ಬೇಡ" ಎಂದ ಅಪ್ಪ. "ಇದು ನಿಮ್ಮಮ್ಮನ ಕೈಯಲ್ಲಿ ಕಲಿತ ಚಾಳಿ."

"ಪೆಟ್ರೋಲ್ ಇದ್ಯಾ ನೋಡ್ರೀ ಮೊದ್ಲು" ಎಂದಳು ಅಮ್ಮ. ಪೆಟ್ರೋಲ್ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ಕಾಲವಾಗಿತ್ತು. ಅವಳೇ ಇಳಿದು ಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೈಹಾಕಿದಳು. ಅದು ಅಂಟಿಕೊಂಡ ಹಾಗೆ ಕೂತಿತ್ತು. ಎರಡೂ ಕೈಯಲ್ಲಿ ತಿರುಗಿಸಿದಾಗ ಉಸ್ಸೆಂದು ಗಾಳಿ ಒಳಗೆ ನುಗ್ಗಿದ್ದು ಕಾರಿನೊಳಗೆ ಕೂತ ನನಗೂ ಕೇಳಿಸಿತು. ಪೆಟ್ರೋಲ್ ಬೇಕಾದಷ್ಟಿತ್ತು. ಅಪ್ಪ ಕೀಲಿ ತಿರುಗಿಸಿದ. ಕಾಯುವ ಮಾತೇ ಇಲ್ಲದೆ ಕಾರು ಸ್ಟಾರ್ಟಾಯಿತು.

ಅಮ್ಮ ಮುಚ್ಚಳವನ್ನು ತಿರುವಿ ನೋಡಿದಳು. ಹಳೆಯ ಮುಚ್ಚಳ ಬೇಸಿಗೆಯಲ್ಲಿ ಬಂಕಿನಲ್ಲಿ ಕಳೆದುಹೋಗಿತ್ತು. ಅಪ್ಪ ಗುಜರಿಯಿಂದ ಇನ್ನೊಂದು ತಂದಿದ್ದ. ಮಳೆನೀರು ಇಳಿಯಬಾರದೆಂದು, ಅಡಿಕೆಗೆ ಔಷಧಿ ಹೊಡೆಯುವ ಪಂಪಿಗೆ ಮಾಡುವ ಹಾಗೆಯೇ, ಸೈಕಲ್ ಟ್ಯೂಬಿನ ರಬ್ಬರನ್ನು ಬಿಲ್ಲೆಯಾಗಿ ಕತ್ತರಿಸಿ ಒಳಗೆ ಕೂರಿಸಿದ್ದ. ಔಷಧಿ ಪಂಪಿನಲ್ಲಿ ಎಲ್ಲೂ ಗಾಳಿ ಸೋರಬಾರದು. ಈ ಕೆಲಸದಲ್ಲಿ ಊರಿನಲ್ಲಿ ಅಪ್ಪನನ್ನು ಮೀರಿಸಿದವರಿಲ್ಲ. ಟ್ಯಾಂಕಿಗೂ ಅವನು ಆ ಮರ್ಯಾದೆಯನ್ನೇ ಮಾಡಿದ್ದ. ಮುಚ್ಚಳದಲ್ಲಿದ್ದ ಸಣ್ಣ ತೂತು ರಬ್ಬರಿನಡಿ ಪೂರ್ತಿ ಮುಚ್ಚಿಹೋಗಿತ್ತು.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬೀಳುತ್ತಾ?" ಎಂದಳು ಅಮ್ಮ. "ಗಾಳಿ ಹೋಗಕ್ಕೆ ಇನ್ನೊಂದು ಬೇಡ್ವಾ?"

"ಡಬ್ಬ ಬೇರೆ, ಕಾರು ಬೇರೆ."

"ಹೌದು. ಡಬ್ಬಕ್ಕೆ ಯಾರೂ ಕ್ಲಚ್ ಬಗ್ಗೆ ಹೇಳಲ್ಲ."

ಮುಚ್ಚಳ ಸಡಿಲ ಬಿಟ್ಟು ಹೊರಟೆವು. ಸೀತೂರಿನವರೆಗೆ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಊಟದ ಪಂಕ್ತಿಯಲ್ಲಿ ಅಪ್ಪ ಪಕ್ಕದವರಿಗೆ, ಬೆಳಿಗ್ಗೆ ಎಂಜಿನ್ ಸ್ವಲ್ಪ ಬಿಸಿಯಾಗಿತ್ತು ಎಂದು ವಿವರಿಸುತ್ತಿದ್ದ.

ಒಂದೇ ಸಲ ನೋಡಿ ನಂಬುವುದು ನನಗೆ ಒಗ್ಗುವುದಿಲ್ಲ. ಮರಳುವಾಗ ಮುಚ್ಚಳವನ್ನು ಮತ್ತೆ ಬಿಗಿಯಾಗಿ ತಿರುಗಿಸಿ ನೋಡೋಣ ಎಂದೆ.

"ನಿಂಗೆ ತಲೆ ಕೆಟ್ಟಿದ್ಯಾ ಮಾರಾಯ್ತಿ? ಸರಿಯಾಗಿರದನ್ನ ಕೆಡಿಸ್ತಾರಾ?" ಎಂದು ಅಪ್ಪ ಗದರಿದ. ಅಮ್ಮ ಅಷ್ಟರಲ್ಲಿ ಬಿಗಿಮಾಡಿ ಬಂದು ಕೂತಾಗಿತ್ತು.

ಸ್ಟೇರಿಂಗ್ ಅಪ್ಪನ ಕೈಯಲ್ಲೇ ಇತ್ತು. ಕ್ಲಚ್ಚನ್ನು ಅವನು ಅಷ್ಟು ನಾಜೂಕಾಗಿ ಒತ್ತಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮೊದಲಿಗೆ ಕಾರು ಅವನ ಮಾನ ಕಾಯುವ ಹಾಗೆಯೇ ಕಂಡಿತು. ಕೊಪ್ಪ ಹತ್ತಿರವಾಗುತ್ತಿದ್ದ ಹಾಗೆ ಅವನು ಮೆಲ್ಲಗೆ ಶಿಳ್ಳೆಯನ್ನೂ ಹಾಕತೊಡಗಿದ. ಆಗ ಕಾರು ಎರಡು ಸಲ ಜಗ್ಗಿತು.

ಎಷ್ಟು ದೂರ ಓಡಿತ್ತು ಎಂಬ ಕಾಲಂ ನನ್ನ ಲೆಕ್ಕದಲ್ಲಿ ಇರಲೇ ಇಲ್ಲ; ಈ ಮುಚ್ಚಳ ಬಂದ ಮೇಲೆ ಅಷ್ಟು ದೂರ ಓಡಿಸುತ್ತಿದ್ದವಳು ಅಮ್ಮ ಒಬ್ಬಳೇ. ಅಪ್ಪ ಇಳಿದು, ಮುಚ್ಚಳ ಬಿಚ್ಚಿ, ಜೇಬಿನಿಂದ ಅಡಿಕೆ ಕತ್ತರಿಸುವ ಚಾಕು ತೆಗೆದು ರಬ್ಬರಿನ ನಡುವೆ ಒಂದು ತೂತು ಮಾಡಿದ. ಊದಿ ನೋಡಿ ಮುಚ್ಚಳ ಕೂರಿಸಿದ. ತಿರುಗಿ ಸ್ಟೇರಿಂಗ್ ಕಡೆ ಹೋಗದೆ ಎಡಗಡೆ ಬಂದು ಅಮ್ಮನ ಬಾಗಿಲು ತೆರೆದ.

"ನನಗೆ ಊಟ ಸ್ವಲ್ಪ ಭಾರ ಆಗಿದೆ. ನೀನೇ ಓಡ್ಸು."

ಮನೆ ಮುಟ್ಟುವವರೆಗೂ ಯಾವ ಗೇರಿಗೆ ಯಾವಾಗ ಹಾಕಬೇಕೆಂದು ಅವನು ಹೇಳುತ್ತಲೇ ಇದ್ದ. ಅಮ್ಮ ಎಲ್ಲದಕ್ಕೂ ಹೂಂಗುಟ್ಟಿ, ತನಗೆ ತೋಚಿದಾಗ ಹಾಕಿದಳು. ಗುರುವಾರ ಬೆಳಿಗ್ಗೆ ಎಣ್ಣೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಯಾರನ್ನೂ ಕೇಳದೆ, ಶೃಂಗೇರಿಗೆ ಹೊರಟಳು.