ಅಳತೆಗೆ ಕಟ್ಟಿದ ಫ್ರೇಮು

ನನ್ನ ತಮ್ಮ ಹುಣಸೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಚಿಕ್ಕಂದಿನಿಂದ ಅವನ ಹೃದಯ ಸರಿಯಿರಲಿಲ್ಲ. ಮದುವೆಯ ಮಾತೆತ್ತಿದರೆ ನಕ್ಕು ಎದ್ದುಹೋಗುತ್ತಿದ್ದ. ಅವನಿಗೆ ಎರಡು ಹೊತ್ತು ಅನ್ನ ಹಾಕುವ ಭಾಗ್ಯವನ್ನು ಶಿವ ನನಗೆ ಕೊಟ್ಟ.

ಅಂಗಡಿಯವರಿಗೆ, ಛತ್ರದವರಿಗೆ ವೆಬ್‌ಸೈಟ್ ಬರೆದುಕೊಡುತ್ತಿದ್ದ. ಅವನ ಪ್ರೀತಿಯೆಲ್ಲ ಇದ್ದದ್ದು ಮಾತ್ರ ನಮ್ಮ ಗುಡಿಯ ದಾಸೋಹದ ವೆಬ್‌ಸೈಟಿನ ಮೇಲೆ. ಸೋಮವಾರದ ಊಟ ಯಾವ ವಾರ ಯಾರ ಮನೆಯದು ಎಂದು ಜನ ಮೊಬೈಲಿನಲ್ಲೇ ಸರದಿ ಬರೆಸಿಕೊಳ್ಳುವ ಹಾಗೆ ಮಾಡಿದ್ದ. ತೆರೆದರೆ ಮೊದಲು ಕಾಣುವುದು ಅವನದೇ ಮಾತು: ‘ಬಂದೋರು ಉಂಡ್ಕಂಡೇ ಓಗ್ಬೇಕು.’

ನನ್ನ ಮಗಳೂ ಅದೇ ವಿದ್ಯೆ ಓದಿದವಳು. ಮಾವ, ಸೊಸೆ ಕೂತರೆ ಜಗಳವೇ.

“ಎಲ್ಲಾನೂ ಮೊದಲಿಂದ ಯಾಕೆ ಬರೀತೀಯ ಮಾವ? ಬೇರೆಯವರು ಬರೆದಿಟ್ಟ ಫ್ರೇಮ್‌ವರ್ಕ್ ತಗೋ. ಅರ್ಧ ಕೆಲಸ ಅದೇ ಮಾಡುತ್ತೆ.”

ನಾನು ಸೊಪ್ಪು ಬಿಡಿಸುತ್ತಾ, “ಬಸ್ ಸ್ಟ್ಯಾಂಡ್ ತಾವ ಫ್ರೇಮ್ ವರ್ಕ್ಸ್ ಐತಲ್ಲ, ಅಲ್ಲಿ ಸಿಗಕಿಲ್ವಾ? ನಾಳೆ ಓದಾಗ ತತ್ತೀನಿ ಬುಡು,” ಎಂದೆ. ದೇವರ ಪಟಕ್ಕೆ ಕಟ್ಟು ಹಾಕಿಸುವ ಅಂಗಡಿ ಅದು.

ಇಬ್ಬರೂ ನಕ್ಕಿದ್ದೇ ನಕ್ಕಿದ್ದು. “ಅಕ್ಕೋ, ನಿನ್ ಶಿವನಿಗೆ ಗಾಜು ಆಕ್ಸು. ನನ್ ಕೆಲ್ಸಕ್ಕೆ ಬ್ಯಾಡ,” ಎಂದ ತಮ್ಮ. ಅಂದಿನಿಂದ ಅವರ ಬಾಯಲ್ಲಿ ಫ್ರೇಮ್‌ವರ್ಕ್ ಹೋಗಿ ‘ಗಾಜು ಆಕ್ಸೋದು’ ಆಯಿತು.

ಹಿಂದೊಮ್ಮೆ ಅವನೂ ಗಾಜು ಹಾಕಿಸಿ ಕೈ ಸುಟ್ಟುಕೊಂಡಿದ್ದ. ಅದನ್ನು ಮಾಡಿದವರು ಹೊಸದು ತಂದಾಗ ಹಳೆಯದು ಕೆಲಸಕ್ಕೆ ಬಾರದೆ ಎಲ್ಲವನ್ನೂ ತಿರುಗಿ ಬರೆಯಬೇಕಾಯಿತಂತೆ. “ಬಾಡಿಗೆ ಮನೆ ಇದ್ದಂಗೆ ಕಣಮ್ಮಿ. ಮಾಲೀಕ ಗೋಡೆ ಒಡೆದ್ರೆ ನಾವು ಗಂಟುಮೂಟೆ ಕಟ್ಬೇಕು,” ಎನ್ನುತ್ತಿದ್ದ.

“ಸ್ವಂತ ಮನೆ ಸರಿ. ಬಾಗಿಲು ಎಲ್ಲೈತೆ ಅಂತ ನಿನಗೊಬ್ಬನಿಗೇ ಗೊತ್ತು. ನಾಳೆ ನೀನು ಮಲಗಿದ್ರೆ ಯಾರು ನೋಡ್ತಾರೆ?”

ಅವಳು ಕೇಳಿದ್ದು ತಮಾಷೆಗೆ.

ಕಾರ್ತೀಕದಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕರೆದೆ, ಬರಲಿಲ್ಲ. ಕುರ್ಚಿಯಲ್ಲೇ ಒರಗಿದ್ದ. ನರಳಲಿಲ್ಲ, ಹಣೆಯ ವಿಭೂತಿ ಕೂಡ ಅಳಿಸಿರಲಿಲ್ಲ. ಅಷ್ಟು ಕರುಣೆ ತೋರಿದ ಸ್ವಾಮಿ.

ಶಿವರಾತ್ರಿ ಕಳೆದ ಮೇಲೆ ದಾಸೋಹದ ವೆಬ್‌ಸೈಟ್ ನಿಂತುಹೋಯಿತು. ಅದನ್ನು ಇರಿಸಿದ್ದ ಕಂಪನಿಯವರು ತಮ್ಮ ಕಡೆ ಏನೋ ಬದಲಾಯಿಸಿದರಂತೆ. ಸರದಿ ಯಾರದೆಂದು ತಿಳಿಯದೆ ಆ ಸೋಮವಾರ ಯಾರ ಮನೆಯಲ್ಲೂ ಅಡಿಗೆಯಾಗಲಿಲ್ಲ. ಗಾವಡಗೆರೆ ಕಡೆಯಿಂದ ಆಸ್ಪತ್ರೆಗೆ ಬಂದಿದ್ದ ಮುದುಕಿಯೊಬ್ಬಳು ಊಟಕ್ಕೆಂದು ಗುಡಿಗೆ ಬಂದು, ಬಾಳೆಹಣ್ಣಿನ ಪ್ರಸಾದ ಸೆರಗಿಗೆ ಕಟ್ಟಿಕೊಂಡು ಹಾಗೇ ಹೋದಳು. ಉಣ್ಣದೆ ಹೋದಳಲ್ಲ ಎಂದು ನನಗೆ ತಮ್ಮ ಹೋದ ದಿನಕ್ಕಿಂತ ಹೆಚ್ಚು ಅಳು ಬಂತು.

ಮಗಳು ಅವನ ಕುರ್ಚಿಯಲ್ಲಿ ಕೂತು ಅವನು ಬರೆದದ್ದನ್ನು ತೆರೆದಳು. ದಿನಗಟ್ಟಲೆ ನೋಡಿದಳು. “ಅಚ್ಚುಕಟ್ಟಾಗೈತೆ ಅಮ್ಮ. ಆದ್ರೆ ಬೀಗದಿಂದ ಬಚ್ಚಲವರೆಗೂ ಮಾವ ತಾನೇ ಮಾಡವ್ನೆ. ಒಂದು ಕಡೆ ಮುಟ್ಟಿದ್ರೆ ಇನ್ನೊಂದು ಕಡೆ ಉದುರ್ತದೆ. ಗಾಜು ಆಕ್ಸಲೇಬೇಕು,” ಎಂದಳು. ಹೇಳುವಾಗ ನಗಲು ಹೋಗಿ ಅತ್ತಳು.

“ಅವನ್ದು ಏನಾದ್ರೂ ಉಳೀತದಾ ಮಗ?”

“ಬರೆದದ್ದು ಉಳಿಯಲ್ಲ. ಮೊದಲನೇ ಮಾತು ಉಳಿಸ್ತೀನಿ.”

ಈಗ ಸೋಮವಾರದ ಊಟ ಮತ್ತೆ ನಡೆಯುತ್ತಿದೆ. ತೆರೆದರೆ ‘ಬಂದೋರು ಉಂಡ್ಕಂಡೇ ಓಗ್ಬೇಕು’ ಎಂದೇ ಇದೆ. ಅದರ ಒಳಗಡೆ ಮಾತ್ರ ನನ್ನ ತಮ್ಮನ ಕೈ ಎಲ್ಲೂ ಇಲ್ಲ.

ಮೊನ್ನೆ ಅವನ ಫೋಟೋ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಫ್ರೇಮ್ ವರ್ಕ್ಸಿಗೆ ಹೋದೆ. ಅಂಗಡಿಯವರು, “ರೆಡಿ ಇರೋದ್ರಲ್ಲಿ ಕೂರುಸ್ಕೊಡ್ಲಾ ಅಕ್ಕೋರೆ, ಅಳತೆಗೆ ಕಟ್ಬೇಕಾ? ಕಟ್ಟೋದಾದ್ರೆ ತಡ ಆಯ್ತದೆ,” ಎಂದರು.

“ಅಳತೆಗೇ ಕಟ್ಟಿ ಅಣ್ಣ,” ಎಂದೆ. “ತಡ ಆದ್ರೂ ಆಗ್ಲಿ. ಅವ್ನಿಗೆ ರೆಡಿ ಇರೋದು ಆಗ್ತಿರ್ಲಿಲ್ಲ.”